ಪಾಸ್‌ವರ್ಡ್ ಕೇಳದ ಕಂಪ್ಯೂಟರ್

ಆಗ ನಾನು ಶಿವಾಜಿನಗರದ ಒಂದು ಮುದ್ರಣಾಲಯದಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದೆ. ಅಲ್ಲಿ ಅಚ್ಚಾಗುತ್ತಿದ್ದುದು ಹೆಚ್ಚಾಗಿ ಮದುವೆ ಕಾರ್ಡುಗಳು. ಕನ್ನಡ, ತಮಿಳು, ಉರ್ದು, ಇಂಗ್ಲಿಷ್, ಯಾವುದಾದರೂ ಸರಿ. ಡಿಸೈನ್ ಮಾಡುವವರೆಲ್ಲ ತಮ್ಮ ಫೈಲುಗಳನ್ನು ಒಂದೇ ಶೇರ್ಡ್ ಫೋಲ್ಡರಿಗೆ ಹಾಕುತ್ತಿದ್ದರು. ಅದು ಇದ್ದದ್ದು ಅಚ್ಚಿನ ಪ್ಲೇಟ್ ಮಾಡುವ ಯಂತ್ರಕ್ಕೆ ಜೋಡಿಸಿದ್ದ ಬಲು ಹಳೆಯ ಕಂಪ್ಯೂಟರಿನಲ್ಲಿ.

ಒಂದು ಬೆಳಿಗ್ಗೆ ಲಿಂಗರಾಜಪುರದಿಂದ ಬಸ್ಸಿನಲ್ಲಿ ಬರುತ್ತಾ ಮೊಬೈಲಿನಲ್ಲಿ ಸುದ್ದಿ ಓದಿದೆ. ಕಂಪ್ಯೂಟರುಗಳ ನಡುವೆ ಫೈಲು ಹಂಚುವ ಸೇವೆಯಲ್ಲೇ ದೋಷವಿದೆಯಂತೆ. ನೆಟ್‌ವರ್ಕಿಗೆ ಬಂದ ಯಾರು ಬೇಕಾದರೂ ಪಾಸ್‌ವರ್ಡ್ ಇಲ್ಲದೆ ಒಳಗೆ ನುಗ್ಗಬಹುದಂತೆ. ಹೊಸ ಕಂಪ್ಯೂಟರುಗಳಿಗೆ ಅಪ್‌ಡೇಟ್ ಬಂದಿತ್ತು. ನಮ್ಮ ಹಳೆಯದಕ್ಕೆ ಇರಲಿಲ್ಲ. ಭಯ ಇತ್ತು, ಆದರೆ ಅದನ್ನು ಕಣ್ಣಾರೆ ನೋಡಿಬಿಡಬೇಕೆಂಬ ಆಸೆ ಅದಕ್ಕಿಂತ ದೊಡ್ಡದಾಗಿತ್ತು.

ಹಳೆಯ ಕಂಪ್ಯೂಟರಿನಲ್ಲಿ ಆ ಸೇವೆ ನಿಲ್ಲಿಸೋಣ ಎಂದರೆ ಮಾಲೀಕರು ಒಪ್ಪಲಿಲ್ಲ. "ಚೆನ್ನಾಗೇ ಓಡ್ತಿದೆಯಲ್ಲಮ್ಮ, ಅದನ್ಯಾಕೆ ಮುಟ್ತೀರಾ? ಸಂಜೆಯೊಳಗೆ ಕಾರ್ಡ್ ಕೊಡ್ಬೇಕು."

"ಸ್ವಲ್ಪ ಹೊತ್ತು ಕೊಡಿ ಸಾರ್. ಅದರ ಪಾಸ್‌ವರ್ಡ್ ನೀವೇ ಬದಲಾಯ್ಸಿ, ನಂಗೆ ಹೇಳ್ಬೇಡಿ. ಆದ್ರೂ ಒಳಗೆ ಬಂದು ತೋರಿಸ್ತೀನಿ."

ಫೈಲುಗಳ ನಕಲು ತೆಗೆದಿಟ್ಟೆ. ಅವರು ಪಾಸ್‌ವರ್ಡ್ ಬದಲಿಸಿ, ಕೈಕಟ್ಟಿಕೊಂಡು ಹಳೆಯ ಕಂಪ್ಯೂಟರಿನ ಮುಂದೆ ಕುಳಿತರು. ನಾನು ಕೋಣೆಯ ಇನ್ನೊಂದು ತುದಿಯಲ್ಲಿ ಲ್ಯಾಪ್‌ಟಾಪ್ ತೆರೆದು, ಈ ದೋಷ ಪರೀಕ್ಷಿಸುವ ಪ್ರೋಗ್ರಾಮ್ ಓಡಿಸಿದೆ. ಮೊದಲ ಸಲ ಏನೂ ಆಗಲಿಲ್ಲ. ಇನ್ನೊಮ್ಮೆ ಓಡಿಸಿದೆ. ಅವರ ಪರದೆಯ ಮೇಲೆ ಹೊಸ ಫೈಲೊಂದು ಮೂಡಿತು. ತೆರೆದು ನೋಡಿದರೆ, 'ನಮಸ್ಕಾರ ಸಾರ್.'

"ಅಯ್ಯೋ! ಇದ್ಯಾರು ಬರ್ದಿದ್ದು?"

"ನಾನೇ ಸಾರ್!" ಎಂದು ಕಿರುಚಿಯೇಬಿಟ್ಟೆ. ಡಿಸೈನ್ ಮಾಡುತ್ತಿದ್ದವರೆಲ್ಲ ಕುರ್ಚಿ ಬಿಟ್ಟು ಓಡಿಬಂದರು.

ಆಮೇಲೆ ಯಾರೂ ಎದುರಾಡಲಿಲ್ಲ. ಹೊಸ ಕಂಪ್ಯೂಟರುಗಳಿಗೆಲ್ಲ ಅಪ್‌ಡೇಟ್ ಹಾಕಿದೆ. ಹಳೆಯದರಲ್ಲಿ ಆ ಸೇವೆಯನ್ನೇ ನಿಲ್ಲಿಸಿದೆ. ಪ್ಲೇಟ್ ಯಂತ್ರಕ್ಕೆ ಫೈಲು ಹೋಗದೆ ಅದೂ ನಿಂತಿತು. ಮಾಲೀಕರ ಮುಖ ಸಪ್ಪಗಾಯಿತು. ಆಗ ಮೂಲೆಯಲ್ಲಿ ಸುಮ್ಮನೆ ಬಿದ್ದಿದ್ದ ಕಂಪ್ಯೂಟರೊಂದು ಕಣ್ಣಿಗೆ ಬಿತ್ತು. ಸೇವೆಯನ್ನು ಮತ್ತೆ ಚಾಲೂ ಮಾಡಿ, ಹಳೆಯ ಕಂಪ್ಯೂಟರನ್ನು ನೆಟ್‌ವರ್ಕಿನಿಂದ ಕಿತ್ತು, ಬೇರೆ ವೈರಿನಿಂದ ಮೂಲೆಯದಕ್ಕೆ ಮಾತ್ರ ಜೋಡಿಸಿದೆ. ಆ ಮೂಲೆಯದಕ್ಕೆ ಆಫೀಸಿನ ನೆಟ್‌ವರ್ಕೂ ಇಲ್ಲ, ಇಂಟರ್ನೆಟ್ಟೂ ಇಲ್ಲ. ಫೈಲುಗಳು ಪೆನ್‌ಡ್ರೈವಿನಲ್ಲಿ ಮೊದಲು ಅದಕ್ಕೆ ಬಂದು, ವೈರಸ್ ಪರೀಕ್ಷೆ ಮುಗಿಸಿ, ಆಮೇಲೆ ಹಳೆಯದಕ್ಕೆ ಹೋಗಬೇಕು.

ಲ್ಯಾಪ್‌ಟಾಪಿನಿಂದ ಮತ್ತೆ ಒಳನುಗ್ಗಲು ನೋಡಿದೆ. ದಾರಿಯೇ ಇರಲಿಲ್ಲ! ಅಷ್ಟರಲ್ಲಿ ಯಂತ್ರ ಗುರುಗುಟ್ಟಿ ಪ್ಲೇಟನ್ನು ಹೊರಗೆ ತಳ್ಳಿತು. ಎಲ್ಲರೂ ಚಪ್ಪಾಳೆ ಹೊಡೆದೆವು.

ಮಾಲೀಕರು ಆಗಲೇ ಹಲಸೂರಿನ ಗೆಳೆಯರ ಪ್ರೆಸ್ಸಿಗೆ ಫೋನ್ ಹಚ್ಚಿದ್ದರು. "ಕೆಲ್ಸ ಬಿಟ್ಟು ಕೇಳ್ರೀ! ನಮ್ಮ ಹುಡುಗಿ ಪಾಸ್‌ವರ್ಡ್ ಇಲ್ದೆ ಕಂಪ್ಯೂಟರೊಳಗೆ ಬಂದ್ಬಿಟ್ಲು. ನಿಮ್ಮ ಕಂಪ್ಯೂಟರುಗಳನ್ನೂ ನೋಡ್ಲಿ, ಈಗ್ಲೇ ಅಲ್ಲಿಗೆ ಕಳಿಸ್ತೀನಿ."

ಲ್ಯಾಪ್‌ಟಾಪನ್ನು ಚೀಲಕ್ಕೆ ತುರುಕಿ, ಊಟವನ್ನೂ ಮರೆತು, ನಾನು ಆಟೋ ಹತ್ತಿದೆ.