ಒಂದು ಜೇಡ ಕಡಿಮೆ

ಜೇಡಪ್ಪ ಹೊಕ್ಕು ಬಂದ ಮನೆಯಲ್ಲಿ ನೆಟ್ಟಗೆ ತೂಗುವ ಫೋಟೊ ಒಂದೂ ಉಳಿಯುವುದಿಲ್ಲ ಎಂಬುದು ಊರಿಗೇ ಗೊತ್ತಿದ್ದ ಮಾತು. ಬಿರುಗಾಳಿ ಬಂದುಹೋದರೆ ಹೆಂಚು ಹಾರುತ್ತವೆ. ಜೇಡಪ್ಪ ಬಂದುಹೋದರೆ ತಾತಂದಿರು ಓರೆಯಾಗುತ್ತಾರೆ. ಐವತ್ತು ವರ್ಷ ಗೋಡೆಯ ಮೇಲೆ ಬೆನ್ನು ಬಾಗಿಸದೆ ಮೆರೆದ ನ್ಯಾಯಾಧೀಶರೊಬ್ಬರು, ಅವನು ಒಂದು ಲೋಟ ಚಹಾ ಕುಡಿದು ಎದ್ದ ಮೇಲೆ, ಪಕ್ಕದ ಮನೆಯ ಜಗಳಕ್ಕೆ ಕಿವಿಗೊಟ್ಟವರಂತೆ ವಾಲಿಕೊಂಡಿದ್ದರಂತೆ. ಬ್ಯಾಂಕಿಗೆ ಹೋದರೆ ಗಡಿಯಾರದ ಹಿಂದೆ, ಹಲ್ಲಿನ ಡಾಕ್ಟರ ಬಳಿ ಹೋದರೆ ದವಡೆಯ ಚಿತ್ರದ ಹಿಂದೆ ಒಮ್ಮೆ ಇಣುಕದೆ ಅವನಿಗೆ ಸಮಾಧಾನವಿಲ್ಲ.

ಅವನು ಹುಡುಕುತ್ತಿದ್ದದ್ದು ಕಂದು ಜೇಡವನ್ನು. ಸಂಶೋಧನಾಲಯದ ಮೂರನೇ ಮಹಡಿಯ ಮೂಲೆ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಅವುಗಳನ್ನು ಸಾಕುವುದೇ ಅವನ ನೌಕರಿ. ತಲೆಗೊಂದು ಬಾಟಲಿ, ಏಕೆಂದರೆ ಒಟ್ಟಿಗಿಟ್ಟರೆ ಬೆಳಗಾಗುವುದರಲ್ಲಿ ಒಂದೇ ಉಳಿದು, ಅದೂ ಅಜೀರ್ಣದಿಂದ ನರಳುತ್ತಿರುತ್ತದೆ. ವಾರಕ್ಕೊಂದು ಜಿರಲೆ ಮರಿ. ಬೆನ್ನ ಮೇಲೆ ಪಿಟೀಲಿನಂಥ ಗುರುತು, ಎರಡೆರಡರ ಜೋಡಿಯಲ್ಲಿ ಆರು ಕಣ್ಣು, ನೆಂಟರು ಬಂದರೆ ಒಳಕೋಣೆ ಸೇರುವ ಸ್ವಭಾವ. ತೋಳಿನ ಮಡಿಕೆಯಲ್ಲೋ ಹಾಸಿಗೆಯಲ್ಲೋ ಸಿಕ್ಕಿ ಅದುಮಿಹೋದರೆ ಮಾತ್ರ ಕಚ್ಚುತ್ತದೆ. ಕಚ್ಚಿದ್ದು ಆಗ ಗೊತ್ತೂ ಆಗುವುದಿಲ್ಲ. ಕೆಲವರಿಗೆ ಏನೂ ಆಗುವುದಿಲ್ಲ. ಕೆಲವರಿಗೆ ಮಾತ್ರ ಒಂದೆರಡು ದಿನದಲ್ಲಿ ಚರ್ಮ ಕಪ್ಪಾಗಿ, ತಿಂಗಳುಗಟ್ಟಲೆ ಮಾಯದ ಹುಣ್ಣು. ಬೀದಿಯ ಇಸ್ತ್ರಿಯವನು ಮೊಳೆಗೆ ನೇತುಹಾಕಿದ್ದ ಕೋಟು ತೊಟ್ಟುಕೊಂಡ ತಪ್ಪಿಗೆ ಮೂರು ತಿಂಗಳು ಎಡಗೈಯಲ್ಲಿ ಇಸ್ತ್ರಿ ಮಾಡಿದ್ದ. ಅಂಥ ಹುಣ್ಣಿಗೆ ಹಚ್ಚುವ ಮುಲಾಮನ್ನು ಸಂಶೋಧನಾಲಯದ ಡಾಕ್ಟರಮ್ಮ ಆರು ವರ್ಷದಿಂದ ತಯಾರಿಸುತ್ತಿದ್ದರು. ಕೊನೆಯ ಪರೀಕ್ಷೆಯೊಂದು ಬಾಕಿ. ಅದಕ್ಕೆ ನಲವತ್ತು ಹೆಣ್ಣು ಜೇಡಗಳ ವಿಷ ಬೇಕು, ಒಂದೇ ದಿನ ತೆಗೆದದ್ದು.

ಆಗಲೇ ಜೇಡಗಳನ್ನು ಬೆಚ್ಚಗಿಡುವ ಹೀಟರ್ ಕೈಕೊಟ್ಟದ್ದು. ಆರಲೊಲ್ಲದೆ ಉರಿದು ಕೋಣೆಯನ್ನು ಒಲೆ ಮಾಡಿತು. ಬೆಳಿಗ್ಗೆ ಜೇಡಪ್ಪ ಎಣಿಸಿದಾಗ ಉಳಿದ ಹೆಣ್ಣುಗಳು ಮೂವತ್ತೊಂದು. ಸಂಸ್ಥೆಯ ಮುಖ್ಯಸ್ಥರು ಬಾಗಿಲಲ್ಲೇ ನಿಂತು ತೀರ್ಪು ಕೊಟ್ಟರು: "ಸೋಮವಾರ ನಲವತ್ತು ಇರ್ಬೇಕು. ಇಲ್ಲಾಂದ್ರೆ ಈ ಕೋಣೆ ಕಪ್ಪೆಯವರಿಗೆ."

ಪಕ್ಕದ ಕೋಣೆಯಲ್ಲಿ ಕಪ್ಪೆ ಸಾಕುವ ಆ ಕಪ್ಪೆಯವರು ಆಗಲೇ ಅಳತೆಪಟ್ಟಿ ತಂದಿದ್ದರು.

ಹೀಗೆ ಶುರುವಾಯಿತು ಜೇಡಪ್ಪನ ದಂಡಯಾತ್ರೆ. ಆಯುಧ: ಒಂದು ಗಾಜಿನ ಲೋಟ, ಒಂದು ದಪ್ಪ ಕಾಗದ. ಲೋಟ ಕವುಚುವುದು, ಕಾಗದ ತೂರಿಸುವುದು, ಮೇಲೆತ್ತುವುದು. ಚಪ್ಪಲಿ ಅಂಗಡಿಯ ಹಳೇ ಡಬ್ಬಗಳಲ್ಲಿ ಎರಡು, ಗ್ರಂಥಾಲಯದಲ್ಲಿ ಯಾರೂ ಮುಟ್ಟದ ಕವಿತೆಗಳ ಹಿಂದೆ ಮೂರು, ಬೀದಿಯ ಟೀಚರ್ ಮನೆಯ ಅಟ್ಟದಲ್ಲಿ ಮೂರು. ಭಾನುವಾರ ಮಧ್ಯಾಹ್ನಕ್ಕೆ ಮೂವತ್ತೊಂಬತ್ತು. ಇನ್ನೊಂದು ಎಲ್ಲಿದ್ದೀತೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಅಲ್ಲಿಗೆ ಹೋಗುವುದನ್ನು ಕೊನೆಗೆ ಉಳಿಸಿಕೊಂಡಿದ್ದ. ಇಪ್ಪತ್ತು ವರ್ಷದಿಂದ ಜಾಗ ಬಿಟ್ಟು ಕದಲದ ಬೀರು ಇಡೀ ಬೀದಿಯಲ್ಲಿ ಒಂದೇ. ಅದು ಇದ್ದದ್ದು ಅತ್ತೆಯ ಮನೆಯಲ್ಲಿ.

ಹೆಂಡತಿಯನ್ನು ಕರೆದುಕೊಂಡೇ ಹೋದ.

"ಅತ್ತೆ, ಬೀರು ಹಿಂದೆ ಸ್ವಲ್ಪ ನೋಡ್ಬೇಕಿತ್ತು."

"ಯಾಕೆ ಅಳಿಯಂದ್ರೇ, ಏನಾದ್ರೂ ಮರೆತುಹೋಗಿದ್ರಾ?"

"ಜೇಡ ಇರಬಹುದಾ ಅಂತ..."

ಅತ್ತೆಯ ಕೈಯಲ್ಲಿದ್ದ ಪೊರಕೆ ನಿಂತಿತು. "ನಮ್ಮನೇಲಿ? ದಿನಕ್ಕೆ ಮೂರು ಸಲ ಗುಡಿಸೋ ಮನೇಲಿ? ಈ ನೆಲ ನೋಡ್ಕೊಂಡು ತಲೆ ಬಾಚ್ಕೋಬಹುದು ನೀವು!"

"ಜೇಡ ಅಂತಲ್ಲ ಅತ್ತೆ, ಎಂಟು ಕಾಲಿನ ಒಂದು ಪ್ರಾಣಿ."

"ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗಾಯ್ತು! ಮೊದಲನೇ ಸಲ ಬಂದಾಗ್ಲೇ ನಮ್ಮ ಯಜಮಾನರ ಫೋಟೊ ಎತ್ತಿ ಹಿಂದೆ ನೋಡಿದ್ರಿ. ಏನೋ, ಮುಂದೆ ನೋಡೋಕೆ ಸಂಕೋಚ ಇರ್ಬೇಕು ಅಂತ ಸುಮ್ನಿದ್ದೆ."

ಸೋಫಾದಲ್ಲಿ ಕೂತಿದ್ದ ಹೆಂಡತಿ ಬಟಾಣಿ ಸುಲಿಯುತ್ತಲೇ ಅಂದಳು: "ಬಿಡ್ರೀ, ಅಮ್ಮನಿಗೆ ಯಾಕೆ ತೊಂದರೆ. ಎದುರುಮನೆ ಟೀಚರ್ ಹತ್ರಾನೇ ಇನ್ನೊಂದು ಕೇಳೋಣ."

"ಏನು ಇನ್ನೊಂದು?" ಅತ್ತೆಯ ಕಿವಿ ನಿಮಿರಿತು. "ಅವಳ ಮನೇಲಿ ಜೇಡ ಸಿಕ್ತಾ?"

"ಮೂರು."

"ಮೂರು!" ಅತ್ತೆಯ ಮುಖದಲ್ಲಿ ದೀಪ ಹತ್ತಿತು. "ನಾನು ಹೇಳ್ತಾನೇ ಇದ್ದೆ, ಮೇಲೆಲ್ಲಾ ಥಳುಕು, ಒಳಗೆಲ್ಲಾ ಕಸ."

"ಡಾಕ್ಟರಮ್ಮ ಅವರ ಮನೆಗೇ ಬಂದು ಕೈ ಕುಲುಕಿ ಹೋದ್ರಮ್ಮ. ನಿಮ್ಮಿಂದ ಎಷ್ಟೋ ಜನರ ಕೈಕಾಲು ಉಳಿಯುತ್ತೆ ಅಂದ್ರಂತೆ. ಟೀಚರ್ ಬೆಳಿಗ್ಗೆಯಿಂದ ಬಾಗಿಲಲ್ಲೇ ನಿಂತು ಹೋಗೋರು ಬರೋರಿಗೆಲ್ಲಾ ಹೇಳ್ತಿದಾರೆ."

ಹತ್ತಿದ ದೀಪ ಆರಿತು. ಅತ್ತೆ ಕಿಟಕಿಯ ಪರದೆ ಸರಿಸಿ ಎದುರು ಬಾಗಿಲನ್ನು ನೋಡಿದರು. ಪರದೆ ಎಳೆದರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ನೋಡ್ತಾ ನಿಂತ್ರೆ ಆಯ್ತಾ ಅಳಿಯಂದ್ರೇ? ಆ ಕಡೆ ಹಿಡೀರಿ."

ಬೀರು ನರಳುತ್ತ ಒಂದು ಗೇಣು ಸರಿಯಿತು. ಹಿಂದೆ ಇಪ್ಪತ್ತು ವರ್ಷದ ಧೂಳು, ಒಂದು ಬಾಚಣಿಗೆ, ಒಂದು ಕಾಲುಚೀಲ. ಗೋಡೆಗಂಟಿ, ನಿದ್ದೆ ಕೆಡಿಸಿದವರನ್ನು ಆರು ಕಣ್ಣಿನಿಂದ ದುರುಗುಟ್ಟುತ್ತ, ಅವಳು ಕೂತಿದ್ದಳು. ಜೇಡಪ್ಪ ಲೋಟ ಕವುಚಿದ.

"ಹೆಣ್ಣೇನಾ?"

"ಹೆಣ್ಣೇ ಅತ್ತೆ."

"ಅವಳ ಮನೇದಕ್ಕಿಂತ ದಪ್ಪ ಇದೆಯಾ?"

"ದಪ್ಪಾನೇ ಇದೆ."

"ಇರದೆ ಏನು," ಎಂದು ಅತ್ತೆ ಧೂಳು ಕೊಡವಿಕೊಂಡರು. "ಚೊಕ್ಕಟವಾದ ಮನೇಲಿ ಬೆಳೆದಿದ್ದು."

ಸೋಮವಾರ ಅತ್ತೆ ಮದುವೆಮನೆಗೆ ಹೊರಟವರಂತೆ ಅಲಂಕರಿಸಿಕೊಂಡು ಮೂರನೇ ಮಹಡಿ ಹತ್ತಿದರು. ಜೇಡಪ್ಪ ಒಂದೊಂದೇ ಜೇಡಕ್ಕೆ ಚೂರೇ ಚೂರು ಕರೆಂಟು ಮುಟ್ಟಿಸುವನು. ಹಲ್ಲಿನ ತುದಿಯಲ್ಲಿ ಸಾಸಿವೆ ಕಾಳನ್ನೂ ನಾಚಿಸುವಷ್ಟು ಪುಟ್ಟ ಹನಿ ಒಸರುವುದು. ಕೂದಲಿನಷ್ಟು ಸಣ್ಣ ಗಾಜಿನ ನಳಿಗೆಯಲ್ಲಿ ಅದನ್ನು ಹೀರಿಕೊಳ್ಳುವನು. ಮೂವತ್ತೊಂಬತ್ತಾದಾಗ ಅಳತೆ ಗೆರೆಗೆ ಇನ್ನೂ ಒಂದು ಎಳೆ ಬಾಕಿ. ಕೊನೆಯದನ್ನು ತೆಗೆದಾಗ ವಿಷ ಗೆರೆ ಮುಟ್ಟಿತು. ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ನಕ್ಕು, ಮೊದಲು ಜೇಡಪ್ಪನನ್ನೂ ಆಮೇಲೆ ಅತ್ತೆಯನ್ನೂ ತಬ್ಬಿಕೊಂಡರು. ಕಪ್ಪೆಯವರು ಅಳತೆಪಟ್ಟಿ ಸುತ್ತಿಕೊಂಡು ಚಪ್ಪಾಳೆ ತಟ್ಟಿದರು.

ಅತ್ತೆ ಬಾಟಲಿಯ ಮುಂದೆ ಬಾಗಿ, ಮೊಮ್ಮಗಳನ್ನು ನೋಡುವಂತೆ ಬಹಳ ಹೊತ್ತು ನೋಡಿದರು.

"ಇಡೀ ಸಂಶೋಧನೇನೇ ಉಳಿಸಿದೋಳು ಇವಳು. ಏನು ಹೆಸರಿಟ್ರಿ ಅಳಿಯಂದ್ರೇ ಇವಳಿಗೆ?"

ಜೇಡಪ್ಪ ಬಾಟಲಿಗೆ ಚೀಟಿ ಅಂಟಿಸುತ್ತಿದ್ದ.

"ನಲವತ್ತು," ಎಂದ.