ಕ್ಯಾಪ್ಟನ್ ವಾಸು ಅಡಗಿ ಆಡಿದ ಆಟ

ನಮ್ಮ ವಾಸು ನಡೆದರೆ ಸದ್ದಾಗುತ್ತಿರಲಿಲ್ಲ. ಇದು ಹೊಗಳಿಕೆಯಲ್ಲ, ದೂರು. ಡೊಂಬಿವಲಿ ಪೂರ್ವದ ನಮ್ಮ ಹೋಟೆಲಿನಲ್ಲಿ ನಾನು ಗಲ್ಲಾದಲ್ಲಿ ಕೂತು ದುಡ್ಡು ತೆಗೆದುಕೊಳ್ಳುವವನು. ಅವನು ಕ್ಯಾಪ್ಟನ್, ಅಂದರೆ ವೇಟರುಗಳಿಗೆಲ್ಲ ಹಿರಿಯ. ಹಿಂದಿನಿಂದ ಬಂದು ಕಿವಿಯ ಹತ್ತಿರ "ಕಿಟ್ಟಣ್ಣ, ಮೂಲೆ ಟೇಬಲಿಗೆ ಬಿಲ್" ಅಂದನೆಂದರೆ ನನ್ನ ಜೀವ ಬಾಯಿಗೆ ಬರುತ್ತಿತ್ತು. ಅಡುಗೆಮನೆಯ ಬೆಕ್ಕು ಇವನ ನಡಿಗೆ ನೋಡಿ, ಇನ್ನು ಇಲ್ಲಿ ತನಗೆ ಮರ್ಯಾದೆ ಇಲ್ಲ ಎಂದು ಊರು ಬಿಟ್ಟು ದಿವಾಕ್ಕೆ ಹೋಯಿತು. ದಿವಾ ಸ್ಟೇಷನ್ನಿನ ಗರ್ದಿಯಲ್ಲಿ ನಾನೇ ಒಮ್ಮೆ ನನ್ನ ಅಂಗಿಯಲ್ಲಿ ರೈಲು ಹತ್ತಿ ಇನ್ನೊಬ್ಬನ ಅಂಗಿಯಲ್ಲಿ ಇಳಿದವನು. ಬೆಕ್ಕಿನ ಗತಿ ಏನಾಯಿತೋ ದೇವರಿಗೇ ಗೊತ್ತು.

ವಾಸು ಕಾರ್ಕಳದ ಕಡೆಯವನು. ಮೀಸೆ ಮೂಡುವ ಮೊದಲೇ ಮುಂಬಯಿ ರೈಲು ಹತ್ತಿದ. ಲೋಟ ತೊಳೆದ, ಟೇಬಲ್ ಒರಸಿದ, ವೇಟರ್ ಆದ, ಮೂವತ್ತು ದಾಟುವಾಗ ಕ್ಯಾಪ್ಟನ್ ಆದ. ಟಿಟ್ವಾಳಾದಲ್ಲಿ ಮೂವರ ಜೊತೆ ಒಂದು ಕೋಣೆಯಲ್ಲಿದ್ದ. ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ನಮ್ಮಲ್ಲಿ ಶಟರ್ ಅರ್ಧ ಇಳಿಸಿ, ಬೆಂಚಿನ ಮೇಲೆ ಅಂಗವಸ್ತ್ರ ಹಾಸಿ ಎಲ್ಲರೂ ಮಲಗುವುದು ಪದ್ಧತಿ. ವಾಸುವಿಗೆ ನಿದ್ದೆ ಬಾರದು. ಟಿಟ್ವಾಳಾಕ್ಕೆ ಹೋಗಿ ಬರುವಷ್ಟರಲ್ಲಿ ಸಂಜೆಯ ಕಾಫಿ ಹೊತ್ತು ಕಳೆದಿರುತ್ತದೆ. ಹಾಗಾಗಿ ಅದೇ ಗಲ್ಲಿಯ ಸೈಬರ್ ಕೆಫೆಗೆ ಹೋಗಿ ಕೂರುವುದನ್ನು ರೂಢಿ ಮಾಡಿಕೊಂಡ. ನಾನೂ ಹೋಗುತ್ತಿದ್ದೆ. ನನಗೆ ಕಂಪ್ಯೂಟರು ಬೇಡ, ಅಲ್ಲಿ ಏಸಿ ಇತ್ತು.

ಸೈಬರ್ ನಡೆಸುತ್ತಿದ್ದವಳು ಸೋನಾಲಿ. ನಮ್ಮ ಉಡುಪಿ ಕಡೆಯವರದೇ ಹುಡುಗಿ, ಆದರೆ ಕಲ್ಯಾಣದಲ್ಲಿ ಹುಟ್ಟಿ ಬೆಳೆದವಳು. ನಾವು ತುಳುವಿನಲ್ಲಿ ಕೇಳಿದರೂ ಕನ್ನಡದಲ್ಲಿ ಕೇಳಿದರೂ ಉತ್ತರ ಹಿಂದಿಯಲ್ಲಿ ಬರುವುದು. ಸಿಟ್ಟು ಬಂದರೆ ಮರಾಠಿ. ಕನ್ನಡ ಬರುತ್ತಿದ್ದದ್ದು ಯಾರನ್ನಾದರೂ ಛೇಡಿಸಬೇಕಾದಾಗ ಮಾತ್ರ.

ಅವಳೇ ವಾಸುವಿಗೆ ಆ ಆಟ ಹಾಕಿಕೊಟ್ಟದ್ದು. ಎರಡು ಸಾವಿರದ ಐದರ ಸುಮಾರು. ಒಬ್ಬ ಕಳ್ಳ. ಒಂದು ಕೋಟೆ. ಕೋಟೆಯ ತುಂಬ ಕಾವಲುಗಾರರು ದೀವಟಿಗೆ ಹಿಡಿದು ತಿರುಗುತ್ತಾರೆ. ಯಾರ ಕಣ್ಣಿಗೂ ಬೀಳದೆ ನೆರಳಿನಲ್ಲೇ ನುಸುಳಿ, ಒಳಗಿನ ಪೆಟ್ಟಿಗೆ ತೆಗೆದುಕೊಂಡು ಹೊರಗೆ ಬರಬೇಕು. ಇಷ್ಟೇ.

ಇಷ್ಟು ಹೇಳಿದರೂ ವಾಸುವಿಗೆ ತಲೆಗೆ ಹೋಗಲಿಲ್ಲ. ಮೊದಲ ದಿನ ಮುಂಬಾಗಿಲಿನಿಂದ ನೆಟ್ಟಗೆ ನುಗ್ಗಿದ. ಕಾವಲುಗಾರರು ಅವನನ್ನು ಚಟ್ನಿ ಮಾಡಿದರು. ಮತ್ತೆ ನುಗ್ಗಿದ. ಮತ್ತೆ ಚಟ್ನಿ. ಒಂದು ವಾರ ಅವನ ಆಟ ಅಂದರೆ ಕೂಗಾಟ, ಓಟ, ಪೆಟ್ಟು.

"ಇದೇನು ಸಂಡೇ ರಶ್ಶಾ? ಅಡಗಿಕೋ ಮಾರಾಯ," ಅಂದೆ.

"ಸುಮ್ಮನಿರಿ ಕಿಟ್ಟಣ್ಣ. ಇವರನ್ನೆಲ್ಲ ಹೊಡೆದು ಹಾಕಿದ್ರೆ ಮತ್ತೆ ಅಡಗುದು ಯಾಕೆ?"

ಪೆಟ್ಟು ತಿಂದು ತಿಂದು ಬುದ್ಧಿ ಬಂತು. ಬಂದದ್ದು ಸ್ವಲ್ಪ ಜಾಸ್ತಿಯೇ ಆಯಿತು. ಒಂದು ಪೀಪಾಯಿಯ ಹಿಂದೆ ಕೂತನೆಂದರೆ ಏಳುತ್ತಲೇ ಇರಲಿಲ್ಲ. ಕಾವಲುಗಾರ ಬಂದ, ಹೋದ, ಮತ್ತೆ ಬಂದ. ನಾನು ಒಂದು ನಿದ್ದೆ ಮುಗಿಸಿ ಎದ್ದು ನೋಡಿದರೂ ವಾಸು ಅದೇ ಪೀಪಾಯಿಯ ಹಿಂದೆ.

"ಏನಾಯ್ತು?"

"ಷ್! ಆಚೆ ಯಾರೋ ಇದ್ದಾರೆ."

ಸೋನಾಲಿ ಕೌಂಟರಿನಿಂದ ಕೂಗಿದಳು: "ಅರೇ ಬಾಬಾ, ವೋ ದರವಾಜಾ ಹೈ! ಬಾಗಿಲು! ಬಾಗಿಲಿಗೂ ಹೆದರ್ತೀರಾ?"

ಆಗ ಡೊಂಬಿವಲಿಯಲ್ಲಿ ಮಧ್ಯಾಹ್ನ ಲೋಡ್‌ಶೆಡ್ಡಿಂಗ್. ಕೋಟೆಯ ಒಳಗಿನವರೆಗೆ ಹೋದವನು ಕರೆಂಟು ಹೋದಾಗ ಮತ್ತೆ ಹೊರಬಾಗಿಲಿಗೇ ಬಂದು ಬೀಳುತ್ತಿದ್ದ. ಅಯ್ಯೋ ಪಾಪ ಎಂದು ಸೋನಾಲಿಯೇ ಸೇವ್ ಮಾಡುವ ಗುಂಡಿ ತೋರಿಸಿಕೊಟ್ಟಳು. ಒತ್ತಿದರೆ ಆಟ ಆ ಜಾಗವನ್ನು ನೆನಪಿಟ್ಟುಕೊಳ್ಳುತ್ತದೆ. ಇನ್ನೊಂದು ಗುಂಡಿ ಒತ್ತಿದರೆ ಅಲ್ಲಿಂದಲೇ ಮತ್ತೆ ಶುರು. ನಡುವೆ ಆದ ತಪ್ಪೆಲ್ಲ ಆಗಲೇ ಇಲ್ಲ. ಅದು ಸಿಕ್ಕಿದ್ದೇ ವಾಸು ಕೆಟ್ಟ. ಒಂದು ಹೆಜ್ಜೆಗೆ ಒಂದು ಸೇವ್. ಕಾವಲುಗಾರ ಕೆಮ್ಮಿದರೆ ಹಿಂದಕ್ಕೆ. ಇವನ ನೆರಳು ಸ್ವಲ್ಪ ಓರೆಯಾದರೆ ಹಿಂದಕ್ಕೆ. ಒಮ್ಮೆ ಯಾರೂ ನೋಡದೆಯೇ ಹಿಂದಕ್ಕೆ ಹೋದ. ಯಾಕೆ ಅಂದರೆ, "ಅವ ಮನಸ್ಸಿನಲ್ಲಿ ಗ್ರಹಿಸಿದ ಹಾಗೆ ಕಂಡಿತು," ಅಂದ.

ಆಮೇಲೆ ಒಂದು ಮಳೆಗಾಲ ಪೂರ್ತಿ ಇನ್ನೊಂದು ಹುಚ್ಚು. ಕಾವಲುಗಾರರನ್ನು ಒಬ್ಬೊಬ್ಬರನ್ನಾಗಿ ಹಿಂದಿನಿಂದ ತಟ್ಟಿ ಮಲಗಿಸುವುದು, ಎಳೆದುಕೊಂಡು ಹೋಗಿ ಒಂದೇ ಕೋಣೆಯಲ್ಲಿ ಅಕ್ಕಿ ಮೂಟೆಯ ಹಾಗೆ ಪೇರಿಸುವುದು, ಕೊನೆಗೆ ಖಾಲಿ ಕೋಟೆಯಲ್ಲಿ ಯಜಮಾನನ ಹಾಗೆ ತಿರುಗುವುದು. ಕೋಣೆ ತುಂಬಿ ಒಬ್ಬ ಕಾವಲುಗಾರನ ಕಾಲು ಪರದೆಯಿಂದ ಹೊರಗೆ ಬಂದು ನನಗೆ ತಾಗಿತು ಅಂದರೆ ನೀವು ನಂಬುವುದಿಲ್ಲ. ಬೇಡ, ಬಿಡಿ.

ಮೂರನೆಯ ವರ್ಷಕ್ಕೆ ಅದೂ ಬೇಸರ ಬಂತು. ಈಗ ಅವನು ಯಾರನ್ನೂ ಮುಟ್ಟುತ್ತಿರಲಿಲ್ಲ. ಯಾರು ಎಲ್ಲಿ ತಿರುಗುತ್ತಾನೆ, ಎಲ್ಲಿ ನಿಂತು ಆಕಳಿಸುತ್ತಾನೆ ಎಂಬುದು ಅವನಿಗೆ ಬಾಯಿಪಾಠ. ದಪ್ಪ ಕಾವಲುಗಾರನಿಗೆ ನಮ್ಮ ಹೋಟೆಲಿನ ಮಾಲೀಕರಾದ ರಘುಪತಿಯವರ ಹೆಸರಿಟ್ಟಿದ್ದ.

"ಆ ಕುಂಟ ಕಾವಲುಗಾರನನ್ನು ತಟ್ಟಿಬಿಡು, ಹತ್ತಿರದ ದಾರಿ," ಅಂದರೆ, "ಬೇಡ ಕಿಟ್ಟಣ್ಣ, ಅವನಿಗೂ ಡ್ಯೂಟಿ ಅಲ್ವಾ? ನಿಂತು ನಿಂತು ಕಾಲು ನೋವಾಗಿರ್ತದೆ," ಅನ್ನುವನು. ದಿನಕ್ಕೆ ಹನ್ನೆರಡು ಗಂಟೆ ನಿಲ್ಲುವವನಿಗೆ ತಾನೇ ಇನ್ನೊಬ್ಬನ ಕಾಲು ಕಾಣುವುದು.

ಆದರೆ ಹಿಂದಕ್ಕೆ ಹೋಗುವ ಗುಂಡಿ ಮಾತ್ರ ಬಿಟ್ಟಿರಲಿಲ್ಲ. ಯಾರ ಕಣ್ಣಿಗೂ ಒಮ್ಮೆಯೂ ಬೀಳಬಾರದು, ಅಷ್ಟು ಶುದ್ಧ ಬೇಕು. ಒಂದು ಮಧ್ಯಾಹ್ನ ಸೋನಾಲಿಗೆ ತಾಳ್ಮೆ ಕೆಟ್ಟು, ಬಂದು ಅವನ ಕುರ್ಚಿಯನ್ನು ಬದಿಗೆ ತಳ್ಳಿ ಕೀಬೋರ್ಡು ಎಳೆದುಕೊಂಡಳು. ಹಣೆಯ ಸ್ಟಿಕ್ಕರ್ ಬಿಂದಿ ತೆಗೆದು, ಇನ್ನು ಇದನ್ನು ಒತ್ತುವಂತಿಲ್ಲ ಎಂದು ಹಿಂದಕ್ಕೆ ಹೋಗುವ ಗುಂಡಿಯ ಮೇಲೆ ಅಂಟಿಸಿದಳು. ಆಡಲು ಕೂತವಳು ತಕ್ಷಣ ಸಿಕ್ಕಿಬಿದ್ದಳು. ವಾಸು ಕಣ್ಣು ಮುಚ್ಚಿಕೊಂಡ. ಇವಳು ನಗುತ್ತಾ ಓಡಿದಳು. ಕೋಟೆಯ ಅಡುಗೆಮನೆಗೆ ನುಗ್ಗಿ ಪಾತ್ರೆ ಉರುಳಿಸಿದಳು, ಬಾವಿಗೆ ಹಾರಿದಳು, ಬಾವಿಯೊಳಗೆ ಒಂದು ಸುರಂಗ! ಮೂರು ವರ್ಷ ಆಡಿದ ವಾಸು ಆ ಸುರಂಗವನ್ನು ಕಂಡೇ ಇರಲಿಲ್ಲ. ಸಿಕ್ಕಿಬಿದ್ದವರಿಗೆ ಮಾತ್ರ ಕಾಣುವ ಜಾಗ ಅದು.

"ಪಕಡೇ ಗಯೇ ತೋ ಕ್ಯಾ?" ಅಂದಳು. "ಸಿಕ್ಕಿಬಿದ್ರೆ ಆಟ ಮುಗೀತಾ? ಅಲ್ಲೇ ಶುರು."

ಅಂದಿನಿಂದ ವಾಸು ಆ ಬಿಂದಿಯನ್ನು ಕಿತ್ತು ಹಾಕಲಿಲ್ಲ. ಸಿಕ್ಕಿಬೀಳುವುದು, ಓಡುವುದು, ತಪ್ಪಿದಲ್ಲಿಂದಲೇ ಬೇರೆ ದಾರಿ ಹುಡುಕುವುದು. ಹಿಂದೆ ಹಲ್ಲು ಕಚ್ಚಿ ಆಡುತ್ತಿದ್ದವನು ಈಗ ಸೋತರೂ ನಗುತ್ತಿದ್ದ.

ಆಟದಲ್ಲಿ ಅಷ್ಟಾಯಿತು. ಹೊರಗೆ ಅವನು ಇನ್ನೂ ಪೀಪಾಯಿಯ ಹಿಂದೆಯೇ ಇದ್ದ. ಸೋನಾಲಿಯ ಮೇಲೆ ಅವನಿಗಿದ್ದ ಮನಸ್ಸು ನನಗೆ ಗೊತ್ತು, ಏಸಿ ರಿಪೇರಿಯವನಿಗೂ ಗೊತ್ತು. ಅವಳಿಗೆ ಹೇಳಿರಲಿಲ್ಲ. ಕೊನೆಗೆ ಅವಳೇ ಹೇಳಿದಳು.

"ಪಪ್ಪಾ ಪನ್ವೇಲಿನ ಹುಡುಗನಿಗೆ ಹಾಂ ಅಂತ ಹೇಳ್ಲಿಕ್ಕೆ ಹೊರಟಿದ್ದಾರೆ. ನಾನು ನಿಮ್ಮ ಹೆಸರು ಹೇಳಿದೆ. ಸಂಡೇ ನಾಲ್ಕಕ್ಕೆ ನಿಮ್ಮ ಹೋಟೆಲಿಗೇ ಬರ್ತಾರೆ. ಒಂದು ಸಲ ನೋಡ್ತಾರಂತೆ. ಪಸಂದ್ ಬರ್ಲಿಲ್ಲ ಅಂದ್ರೆ ಸೋಮವಾರ ಪನ್ವೇಲಿಗೆ ಫೋನು."

ಅವಳ ತಂದೆ ದೇಜಪ್ಪ ವಾಶಿಯಲ್ಲಿ ಆಫೀಸು ಕೆಲಸ ಮಾಡಿ ರಿಟೈರ್ ಆದವರು. ಟೇಬಲ್ ಒರಸುವವನಿಗೆ ಮಗಳನ್ನು ಕೊಡುವುದಿಲ್ಲ ಎಂಬುದು ಅವರ ಹಠ. ಕ್ಯಾಪ್ಟನ್ ಅಂದರೆ ಮ್ಯಾನೇಜರಿನ ಹಾಗೆಯೇ ಎಂದು ಸೋನಾಲಿ ಅರ್ಧ ನಂಬಿಸಿದ್ದಳು.

ಆ ಭಾನುವಾರ ವಾಸು ರಜೆ ಹಾಕಿದ್ದ. ಕ್ಷೌರ ಮಾಡಿಸಿ, ಹೊಸ ಅಂಗಿ ತೊಟ್ಟು ಬಂದ. ಬಿಳಿ ಅಂಗಿ, ಕಪ್ಪು ಪ್ಯಾಂಟು. ಅಂದರೆ ಡ್ಯೂಟಿಯ ವೇಷವೇ, ಇಸ್ತ್ರಿ ಜಾಸ್ತಿ. ಇಷ್ಟು ವರ್ಷ ಹೋಟೆಲಿನಲ್ಲಿದ್ದವನಿಗೆ ಚಂದದ ಅಂಗಿ ಅಂದರೆ ಬಿಳಿಯೇ. ಮೂಲೆಯ ಟೇಬಲಿನ ಹತ್ತಿರ ನಿಂತು ಕಾಯುತ್ತಿದ್ದ. ಯಾರೋ ಕುಡಿದಿಟ್ಟ ಲೋಟಗಳು ಅಲ್ಲೇ ಇದ್ದವು. ದೇಜಪ್ಪ, ಅವರ ಹೆಂಡತಿ ರತ್ನಾವತಿ ಒಳಗೆ ಬಂದರು. ಸೋನಾಲಿ ಸೈಬರಿಗೆ ಬೀಗ ಹಾಕಿ ಬರುವವಳು, ಇನ್ನೂ ಬಂದಿರಲಿಲ್ಲ. ಅವರು ಆ ಟೇಬಲಿನ ಕಡೆಗೇ ನಡೆದರು. ವಾಸುವಿನ ಎಡಗೈ ಲೋಟಗಳನ್ನು ಎತ್ತಿತು, ಬಲಗೈ ಬಟ್ಟೆಯಿಂದ ಟೇಬಲ್ ಒರಸಿತು. ಅವನು ಒರಸಲಿಲ್ಲ, ಕೈ ಒರಸಿತು.

ದೇಜಪ್ಪ ಕೂತು, ಮುಖ ಎತ್ತದೆಯೇ, "ಎರಡು ಮಸಾಲೆ ದೋಸೆ. ನೀರು ತಾ ಮೊದಲು," ಅಂದರು.

"ಆಯ್ತು," ಅಂದ ವಾಸು. ನೀರು ತಂದಿಟ್ಟ. ನಾನು ಗಲ್ಲಾದಲ್ಲಿ ಹಣೆ ಚಚ್ಚಿಕೊಂಡೆ.

ರತ್ನಾವತಿ ಅಮ್ಮ ಮೆಲ್ಲಗೆ ಕೇಳಿದರು: "ಇಲ್ಲಿ ವಾಸು ಅಂತ ಒಬ್ಬ ಇದ್ದಾನಂತಲ್ಲ, ಹೇಗೆ ಜನ?"

"ತೊಂದರೆ ಇಲ್ಲ ಅಮ್ಮ."

"ಕುಡೀತಾನಾ?"

"ಚಾ ಕುಡೀತಾನೆ. ಸ್ವಲ್ಪ ಜಾಸ್ತಿ."

"ಯಾಕೆ ಇಷ್ಟು ವರ್ಷ ಮದುವೆ ಆಗ್ಲಿಲ್ಲ?" ಇದು ದೇಜಪ್ಪ.

"ಹೆದರಿಕೆ ಕಾಣ್ತದೆ," ಅಂದು ವಾಸು ಸರಸರ ನನ್ನ ಹತ್ತಿರ ಬಂದ.

"ಹಿಂದಿನ ಬಾಗಿಲಿನಿಂದ ಓಡು," ಅಂದೆ. "ಕೋಪರಖೈರಣೆಯಲ್ಲಿ ಅರ್ಜೆಂಟ್ ಕೆಲಸ ಬಂತು ಅಂತ ನಾನು ಹೇಳ್ತೇನೆ. ಮುಂದಿನ ವಾರ ನೀಲಿ ಅಂಗಿ ಹಾಕಿ ಹೊಸತಾಗಿ ಬಾ. ನಿನ್ನ ಮುಖ ಅವರು ನೋಡಿಯೇ ಇಲ್ಲ ಮಾರಾಯ!"

ಅದು ನಿಜ. ಅವರು ನೋಡಿರಲಿಲ್ಲ. ವೇಟರನ ಮುಖ ಯಾರು ನೋಡುತ್ತಾರೆ? ಬೇಕಿದ್ದರೆ ಅವನು ನಾಳೆಯೇ ಅದೇ ಟೇಬಲಿಗೆ ಮದುಮಗನಾಗಿ ಬರಬಹುದಿತ್ತು. ವಾಸು ಹಿಂದಿನ ಬಾಗಿಲಿನ ಕಡೆ ನೋಡಿದ. ದೋಸೆಕಲ್ಲಿನ ಕಡೆ ನೋಡಿದ.

"ಮುಂದಿನ ವಾರ ಬಂದ್ರೂ ಕೈ ಇದೇ ಅಲ್ವಾ ಕಿಟ್ಟಣ್ಣ, ಮತ್ತೆ ಒರಸ್ತದೆ," ಅಂದ. "ಸಿಕ್ಕಿಬಿದ್ದಾಗಿದೆ. ಇಲ್ಲಿಂದಲೇ ಹೋಗುವಾ."

ಎರಡು ದೋಸೆ ಒಂದು ಕೈಯಲ್ಲಿ, ಒಂದು ಕಪ್ ಚಾ ಇನ್ನೊಂದು ಕೈಯಲ್ಲಿ. ದೋಸೆ ಅವರ ಮುಂದಿಟ್ಟ. ಚಾ ಎದುರು ಬದಿಗಿಟ್ಟ. ಕುರ್ಚಿ ಎಳೆದ. ಕೂತ.

ಗಿರಾಕಿಯ ಕುರ್ಚಿಯಲ್ಲಿ, ಗಿರಾಕಿಯ ಎದುರು, ಹೋಟೆಲಿನವನು ಕೂರುವುದೆಂದರೇನು! ಬಿಡುವಿನ ಹೊತ್ತಿನಲ್ಲಿ ನಾವು ಮಲಗುವುದೂ ಗೋಡೆ ಬದಿಯ ಬೆಂಚಿನಲ್ಲಿ. ವೇಟರುಗಳು ಇದ್ದಲ್ಲೇ ನಿಂತರು. ಒಬ್ಬ ಸಾಂಬಾರು ಬಡಿಸುತ್ತಿದ್ದವನು ಬಡಿಸುತ್ತಲೇ ಇದ್ದ, ಅದು ಟೇಬಲ್ ದಾಟಿ, ಗಲ್ಲಿ ದಾಟಿ ಸ್ಟೇಷನ್ನಿಗೆ ಹರಿಯಿತು.

"ನಾನೇ ವಾಸು," ಅಂದ. "ಟೇಬಲ್ ಒರಸಿದ್ದೂ ನಾನೇ."

ದೇಜಪ್ಪ ಮೊದಲ ಸಲ ಅವನ ಮುಖ ನೋಡಿದರು. ನೋಡುತ್ತಲೇ ಇದ್ದರು. ರತ್ನಾವತಿ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡರೂ ನಗು ಹೊರಗೆ ಬಂದೇ ಬಂತು.

"ಮತ್ತೆ ಆಗ ತೊಂದರೆ ಇಲ್ಲ ಅಂದದ್ದು?" ದೇಜಪ್ಪ ಕೇಳಿದರು.

"ಕೇಳಿದ್ರಿ, ಹೇಳಿದೆ. ಸುಳ್ಳು ಹೇಳ್ಲಿಲ್ಲ."

"ಹೆದರಿಕೆ ಅಂದದ್ದು?"

"ಅದೂ ಸುಳ್ಳಲ್ಲ. ನೋಡಿ," ಎಂದು ಚಾದ ಕಪ್ ಎತ್ತಿ ತೋರಿಸಿದ. ಕೈ ನಡುಗಿ ಚಾ ತಟ್ಟೆಗೆ ಚೆಲ್ಲಿತ್ತು. ಒರಸಲು ಬಟ್ಟೆಗೆ ಕೈ ಹೋಯಿತು. ಅಷ್ಟರಲ್ಲಿ ಏದುಸಿರು ಬಿಡುತ್ತಾ ಬಂದ ಸೋನಾಲಿ ಪಕ್ಕದ ಕುರ್ಚಿಯಲ್ಲಿ ಕೂತು ಆ ಬಟ್ಟೆ ಕಿತ್ತುಕೊಂಡಳು.

ದೇಜಪ್ಪ ದೋಸೆಯ ಒಂದು ತುಂಡು ಮುರಿದು ತಿಂದರು. ಜಗಿದರು. ಇಡೀ ಹೋಟೆಲ್ ಅವರ ಬಾಯಿಯನ್ನೇ ನೋಡುತ್ತಿತ್ತು. ಆಮೇಲೆ ಕೈ ಎತ್ತಿ ಕರೆದರು: "ಯಾರಪ್ಪಾ ಅಲ್ಲಿ? ಇಲ್ಲಿಗೆ ಇನ್ನೂ ಎರಡು ಮಸಾಲೆ. ಮಗಳಿಗೊಂದು, ಇವರಿಗೊಂದು."

ಯಾವ ವೇಟರನಿಗೂ ಕ್ಯಾಪ್ಟನಿಗೆ ಬಡಿಸುವ ಧೈರ್ಯ ಬರಲಿಲ್ಲ. ವಾಸು ತಾನೇ ಏಳಲು ಹೊರಟ.

"ಕೂತ್ಕೊಳ್ಳಿ ಮಾರಾಯ್ರೆ," ಅಂದರು ರತ್ನಾವತಿ ಅಮ್ಮ, "ಊಟದ ನಡುವೆ ಏಳಬಾರದು."

ಕೊನೆಗೆ ಗಲ್ಲಾ ಬಿಟ್ಟು ನಾನೇ ಎದ್ದು ತಂದೆ. ಆ ದೋಸೆ ಎಷ್ಟು ಉದ್ದ ಇತ್ತೆಂದರೆ, ಒಂದು ತುದಿ ಡೊಂಬಿವಲಿಯಲ್ಲಿ ವಾಸುವಿನ ತಟ್ಟೆಯಲ್ಲಿ, ಇನ್ನೊಂದು ತುದಿ ಕಲ್ಯಾಣದಲ್ಲಿ ದೇಜಪ್ಪನವರ ಮನೆ ಹೊಸ್ತಿಲಲ್ಲಿ. ನಂಬಿಕೆ ಇಲ್ಲದಿದ್ದರೆ ಸೋನಾಲಿಯನ್ನು ಕೇಳಿ. ಉತ್ತರ ಹಿಂದಿಯಲ್ಲಿ ಬರುತ್ತದೆ, ಅಷ್ಟೇ.