ಅತ್ತೆಯ ಬೆರಳುಗಳ ಮೇಲೆ ಹೊರಿಸಿದ ಸುಳ್ಳು

ನಿಮ್ಮ ವೀಸಾ ರಿಜೆಕ್ಟ್ ಆಗಿರಲಿಲ್ಲ, ಅತ್ತೆ. ನಾನೇ ಅರ್ಜಿ ವಾಪಸ್ ತೆಗೆಸಿದ್ದೆ. ನೀವು ಪ್ರಾಗ್ ನಗರಕ್ಕೆ ಬರದಂತೆ ತಡೆದವರು ಆ ದೇಶದವರಲ್ಲ — ಸಿಂಗಾಪುರದ ಸೆಂಗ್‌ಕಾಂಗ್‌ನ ಈ ಮನೆಯಲ್ಲಿ ದಿನಾ ನಿಮ್ಮ ಕೈಯ ಕಾಫಿ ಕುಡಿಯುವ ನಿಮ್ಮ ಸೊಸೆ.

ಪಂಚಾಂಗ ನೋಡದೆ ಒಲೆ ಹಚ್ಚದವರು ನೀವು. ಪ್ರಾಗ್‌ನ ಹಳೇ ಚೌಕದ ಗೋಪುರದಲ್ಲಿ, ಸೂರ್ಯ ಚಂದ್ರರು ಯಾವ ರಾಶಿಯಲ್ಲಿದ್ದಾರೆಂದು ತೋರಿಸುವ ಗಡಿಯಾರವಿದೆ ಎಂದು ನಿಮ್ಮ ಮಗ ಹೇಳಿದ್ದೇ ತಡ, "ಅದೊಂದು ನೋಡ್ಬಿಟ್ರೆ ಸಾಕಪ್ಪ, ಇನ್ನೇನೂ ಕೇಳಲ್ಲ" ಅಂದಿರಿ. ನಿಜವಾಗಿಯೂ ಅಲ್ಲಿಯವರೆಗೆ ನೀವು ಏನನ್ನೂ ಕೇಳಿರಲಿಲ್ಲ.

ವೀಸಾ ಸೆಂಟರಿನಲ್ಲಿ ನಿಮ್ಮ ಬೆರಳಚ್ಚು ಸರಿಯಾಗಿ ಮೂಡಲಿಲ್ಲ. ಪಾತ್ರೆ ತಿಕ್ಕಿ, ರುಬ್ಬಿ, ಸವೆದ ಬೆರಳುಗಳು. ಕೆಲವು ದಿನ ಕಳೆದು ಅಲ್ಲಿಂದ ನನಗೆ ಫೋನ್ ಬಂತು: ಇನ್ನೊಮ್ಮೆ ಕರೆದುಕೊಂಡು ಬನ್ನಿ, ಮತ್ತೆ ತೆಗೆಯೋಣ. ಅಷ್ಟೇ. ಪಾಯಾ ಲೆಬಾರ್‌ನ ನನ್ನ ಆಫೀಸಿನಿಂದ ಎದ್ದು ಬಂದು ನಿಮ್ಮನ್ನು ಕರೆದೊಯ್ದಿದ್ದರೆ ಮುಗಿಯುತ್ತಿತ್ತು.

ಆದರೆ ಹಿಂದಿನ ಸಂಜೆ ನೀವು ಊಟಕ್ಕೆ ಬಂದವರೆದುರು ಹೇಳಿದ್ದಿರಿ — "ಅವಳಿಗೆ ಆಫೀಸೇ ಮಗು. ಅವಳು ಹೆತ್ತ ಮಗೂನ ಸಾಕಿದ್ದೆಲ್ಲ ನಾನೇ." ಎಲ್ಲರೂ ನಕ್ಕರು. ನಾನೂ ನಕ್ಕೆ. ಮೈಯೆಲ್ಲ ಉರಿಯುತ್ತಿತ್ತು. ಆ ಉರಿ ಆರುವ ಮೊದಲೇ ಫೋನ್ ಬಂತು, ನಾನು ಕೋಪದ ಕೈಗೆ ಬುದ್ಧಿ ಕೊಟ್ಟೆ.

"ಬೇಡ, ಅವ್ರು ಬರ್ತಿಲ್ಲ. ವಿತ್‌ಡ್ರಾ ಮಾಡ್ಬಿಡಿ" ಎಂದೆ.

ಮನೆಗೆ ಬಂದು, ಬೆರಳಚ್ಚು ಬರಲಿಲ್ಲವೆಂದು ರಿಜೆಕ್ಟ್ ಮಾಡಿದರು ಎಂದೆ. ನಿಮ್ಮ ಮಗ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. "ಹೋಗ್ಲಿ ಬಿಡು, ಅಮ್ಮಂಗೆ ಆ ಕಲ್ಲಿನ ರಸ್ತೇಲಿ ನಡೆಯೋಕೂ ಕಷ್ಟ" ಅಂದರು — ಅವರ ಮುಖದಲ್ಲಿ ನಿರಾಳ ಕಂಡಿತು. ಆ ನಿರಾಳವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ನನ್ನನ್ನು ಕ್ಷಮಿಸಿಕೊಳ್ಳುವ ಪ್ರಶ್ನೆಯೇ ಇಲ್ಲ.

ಪ್ರಾಗ್‌ನಲ್ಲಿ ನಡೆಯುವ ಕಷ್ಟವೇ ಇರಲಿಲ್ಲ, ಅತ್ತೆ. ಏರ್‌ಪೋರ್ಟಿನಿಂದ ಬಸ್ಸು, ಆಮೇಲೆ ಮೆಟ್ರೊ, ಊರ ತುಂಬ ಟ್ರಾಮು. ಇಲ್ಲಿ ಕಾರ್ಡ್ ಟ್ಯಾಪ್ ಮಾಡಿ ಅಭ್ಯಾಸವಾದ ನಾವು ಕಾಗದದ ಟಿಕೆಟ್ ಹಿಡಿದುಕೊಂಡು ಗತ್ತಿನಿಂದ ಕೂತಿದ್ದೆವು. ಅದನ್ನು ಹಳದಿ ಪೆಟ್ಟಿಗೆಗೆ ತೂರಿಸಿ ಮುದ್ರೆ ಹಾಕಿಸಬೇಕೆಂದು ಗೊತ್ತಾದದ್ದು ತಪಾಸಣೆಯವನು ದಂಡ ಹಾಕಿದಾಗ. ನಿಮ್ಮ ಮಗ ಅವನ ಮೇಲೆ ರೇಗಾಡಿದರು. ನಾನು ಎದುರಿನ ಸೀಟನ್ನೇ ನೋಡುತ್ತಿದ್ದೆ. ನಿಮ್ಮದೇ ವಯಸ್ಸಿನ ಅಜ್ಜಿಯೊಬ್ಬರು ಕೋಲು, ತರಕಾರಿ ಚೀಲ ಹಿಡಿದು ಕೂತಿದ್ದರು. ಟ್ರಾಮು ಗುಡ್ಡ ಹತ್ತಿ ಕೋಟೆಯ ಹತ್ತಿರ ನಿಂತಾಗ ಯಾರ ಕೈಯನ್ನೂ ಹಿಡಿಯದೆ ಇಳಿದು ಹೋದರು. ನನಗೆ ನನ್ನ ಕೆನ್ನೆಗೇ ಬಾರಿಸಿಕೊಳ್ಳಬೇಕು ಅನ್ನಿಸಿತು.

ನಿಮ್ಮ ಮಗ ಹೋಟೆಲಿನಲ್ಲೇ ಉಳಿದಾಗ ನಾನೊಬ್ಬಳೇ ಹೋಗಿ ಗಡಿಯಾರದ ಕೆಳಗೆ ನಿಂತೆ. ಚೆನ್ನಾಗಿತ್ತು. ಚೆನ್ನಾಗಿದ್ದದ್ದೇ ಸಹಿಸಲಾಗಲಿಲ್ಲ. ಫೋಟೋಗಳನ್ನೆಲ್ಲ ಅಳಿಸಿದೆ. ವಾಪಸ್ ಬಂದು ಇನ್ನೊಂದು ಸುಳ್ಳು — ರಿಪೇರಿಗೆಂದು ಮುಚ್ಚಿದ್ದರು ಎಂದೆ. ನಿಮಗೆ ಸಮಾಧಾನವಾಯಿತು. "ಸದ್ಯ, ನಾನು ಬಂದಿದ್ರೂ ನೋಡ್ತಿರ್ಲಿಲ್ಲ" ಅಂದಿರಿ.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಅನ್ನುತ್ತಾರೆ. ಗಾದೆಯವರು ಕೊಯ್ದುಕೊಂಡದ್ದು ಸ್ವಂತ ಮೂಗು. ನಾನು —

ಅಂದಿನಿಂದ ನೀವು ನಮ್ಮ ಕಟ್ಟಡದ ಕೆಳಗಿನ ತೆರೆದ ಜಗಲಿಯಲ್ಲಿ, ಆ ವಾಯ್ಡ್ ಡೆಕ್‌ನಲ್ಲಿ, ಸಂಜೆ ಕೂರುವ ಆಂಟಿಯರಿಗೆಲ್ಲ ಬೆರಳು ತೋರಿಸಿ, ಗೆರೆಯಿಲ್ಲದ ಕೈ, ಯಾವ ದೇಶಕ್ಕೂ ಬೇಡ ಎಂದು ನಗುತ್ತೀರಿ. ಮೊನ್ನೆ ನಿಮ್ಮ ಮಗ ಮತ್ತೆ ಯುರೋಪಿನ ಮಾತೆತ್ತಿದರು. ನೀವು ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದಿರಿ:

"ನನ್ನ ಹೆಸರು ಹಾಕ್ಬೇಡಮ್ಮ. ನನ್ನಿಂದ ನಿಮ್ದೂ ರಿಜೆಕ್ಟ್ ಆಗ್ಬಿಟ್ರೆ?"

ನನ್ನ ತಪ್ಪಿನಿಂದ ನನ್ನನ್ನೇ ಕಾಪಾಡಲು ಹೊರಟಿದ್ದೀರಿ. ಸಾಕು. ಇದನ್ನು ಕೋಣೆಯೊಳಗೆ, ಕಾಲು ಹಿಡಿದು, ಗುಟ್ಟಾಗಿ ಹೇಳಿ ಮುಗಿಸುವುದಿಲ್ಲ. ನಾಳೆ ಸಂಜೆ ನಿಮ್ಮ ಜೊತೆ ನಾನೂ ಕೆಳಗಿಳಿದು ಬರುತ್ತೇನೆ. ನೀವು ಯಾರ ಯಾರೆದುರು ನಿಮ್ಮ ಬೆರಳನ್ನು ದೂರಿದಿರೋ, ಅವರೆಲ್ಲರೆದುರೂ ಹೇಳುತ್ತೇನೆ. ಆಮೇಲೆ ನೀವು ಬೈಯಿರಿ, ಅತ್ತೆ. ಬೇಗ ಕ್ಷಮಿಸಬೇಡಿ.